ಮಗನಿಗೆ 20, ಮೀಟರಿನಲ್ಲಿ 22: ಹೊಸದಾಗಿ ಗಾಡಿ ಹಿಡಿದವರಿಗೆ ಮಿತಿ ಸೊನ್ನೆ ಆಗಬೇಕಲ್ವಾ?

ಹಾಸನದ_ಅಪ್ಪ

ಹೋದ ಭಾನುವಾರದ ವಿಷಯ. ಚನ್ನರಾಯಪಟ್ಟಣದ ಹತ್ತಿರ ನೆಂಟರ ಮನೆಯ ಬೀಗರೂಟ ಇತ್ತು. ನನ್ನ ಮಗನಿಗೆ 20 ವರ್ಷ, ಡಿಎಲ್ ಬಂದು ಏಳು ತಿಂಗಳು. ನಾವು ಸಂಜೆಯ ಬಸ್ಸಿಗೆ ಹೊರಟೆವು. ಅವನು ಹುಡುಗರ ಜೊತೆ ಇದ್ದು ಆಮೇಲೆ ಬೈಕಿನಲ್ಲಿ ಬರುತ್ತೇನೆ ಅಂದ.

ರಾತ್ರಿ ಒಂಬತ್ತೂವರೆಗೆ ಊರು ದಾಟುವ ಕಡೆ ಪೊಲೀಸರು ಅಡ್ಡ ಹಾಕಿ, ಕುಡಿದಿದ್ದಾನಾ ಅಂತ ನೋಡಲು ಮೀಟರಿಗೆ ಊದಿಸಿದ್ದಾರೆ. ಮೀಟರಿನಲ್ಲಿ 22 ಬಂದಿದೆ. ‘ಮೂವತ್ತರ ಒಳಗಿದೆ, ನಿಧಾನಕ್ಕೆ ಹೋಗಪ್ಪ’ ಅಂತ ಬಿಟ್ಟಿದ್ದಾರೆ. ಅಲ್ಲಿಂದ ಮನೆಗೆ ಇನ್ನೂ ಮೂವತ್ತು ಕಿಲೋಮೀಟರ್ ಮೇಲೆ ಇದೆ. ಲಾರಿ ಓಡಾಡುವ ಹೆದ್ದಾರಿ.

ಮನೆಗೆ ಬಂದವನು ಅವನೇ ಹೇಳಿದ. ಮುಚ್ಚಿಡಲಿಲ್ಲ, ಅದಕ್ಕೆ ಸಮಾಧಾನ ಇದೆ. ಆದರೆ ಅವನ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ‘ಅಪ್ಪ, ಕಾನೂನು ಪ್ರಕಾರ ನಾನು ಸರಿ ಇದ್ದೆ’ ಅಂದ.

ನಮ್ಮ ರಾಜ್ಯದಲ್ಲಿ 21 ಆಗದವರಿಗೆ ಮದ್ಯ ಮಾರುವ ಹಾಗೇ ಇಲ್ಲ. ಹಾಗಿದ್ದ ಮೇಲೆ 20ರ ಹುಡುಗನಿಗೆ ರಸ್ತೆಯಲ್ಲಿ 22 ಹೇಗೆ ಸರಿಯಾಗುತ್ತದೆ? ಡಿಎಲ್ ಹೊಸದಾಗಿ ಬಂದವರಿಗೆ, ಸಣ್ಣ ವಯಸ್ಸಿನವರಿಗೆ ಮಿತಿ ಸೊನ್ನೆ ಅಂತ ಯಾಕೆ ಮಾಡಬಾರದು? ಗೊತ್ತಿದ್ದವರು ಹೇಳಿ.

---

ಕರಿಕೋಟು_ಮೈಸೂರು

ಸರ್, ನಾನು ವಕೀಲ. ಎರಡು ಕಾನೂನು ಬೇರೆ ಬೇರೆ. ಅದಕ್ಕೇ ಈ ಸಂದಿ ಉಳಿದಿದೆ.

ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಂ ನೋಡಿ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂಗಿಂತ ಜಾಸ್ತಿ ಮದ್ಯಸಾರ ಇದ್ದರೆ ಅಪರಾಧ. ಅಲ್ಲಿ ವಯಸ್ಸಿನ ಮಾತೇ ಇಲ್ಲ. ಐವತ್ತು ವರ್ಷದ ಲಾರಿ ಚಾಲಕನಿಗೂ ಅದೇ 30, ನಿನ್ನೆ ಡಿಎಲ್ ತಗೊಂಡವನಿಗೂ ಅದೇ 30. 2019ರ ತಿದ್ದುಪಡಿಯಲ್ಲಿ ದಂಡ 2,000ದಿಂದ 10,000ಕ್ಕೆ ಏರಿತು, ಆರು ತಿಂಗಳವರೆಗೆ ಜೈಲೂ ಆಗಬಹುದು. ಎರಡನೇ ಸಲ ಸಿಕ್ಕರೆ 15,000, ಎರಡು ವರ್ಷದವರೆಗೆ ಜೈಲು. ದಂಡ ಏರಿತು, ಮಿತಿ ಮಾತ್ರ ಇದ್ದಲ್ಲೇ ಇದೆ.

21ರ ಲೆಕ್ಕ ಅಬಕಾರಿ ಕಾನೂನಿನದ್ದು. ಅಲ್ಲೂ ಒಂದು ಗೊಂದಲ ಇದೆ. ಕಾಯ್ದೆಯಲ್ಲಿ 18 ಅಂತ ಇದೆ, 1967ರ ಲೈಸೆನ್ಸ್ ನಿಯಮಗಳಲ್ಲಿ 21 ಅಂತ ಇದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಹೊರಟಿತ್ತು. ಜನ ಆಕ್ಷೇಪ ಎತ್ತಿದ ಮೇಲೆ ಕೈಬಿಟ್ಟರು. ಮುಖ್ಯ ವಿಷಯ ಏನೆಂದರೆ, ಆ ನಿಯಮ ಹಿಡಿಯುವುದು ಮಾರುವವನನ್ನು. ಬೀಗರೂಟದಲ್ಲಿ ಮಾವನೋ ಭಾವನೋ ಗ್ಲಾಸಿಗೆ ಹಾಕಿ ಕೊಟ್ಟರೆ ರಸ್ತೆಯಲ್ಲಿ ನಿಂತ ಪೊಲೀಸರಿಗೆ ಅದರಲ್ಲಿ ಮಾಡಲು ಏನೂ ಇಲ್ಲ.

---

ತುಮಕೂರು_ತೆಂಗು

ಹಾಗಾದ್ರೆ ಪೊಲೀಸರದ್ದು ತಪ್ಪಿಲ್ಲ. ಅವರ ಕೈಯಲ್ಲಿರುವ ಕಾನೂನೇ ಅಷ್ಟು.

---

ಸೆಮಿಸ್ಟರ್_ಆರು

ನನಗೂ 20. ನಾನು ಕುಡಿಯುವುದಿಲ್ಲ, ಆದರೂ ಈ ಮಾತು ಒಪ್ಪುವುದಿಲ್ಲ. ಯಾವಾಗಲೂ ನಾವೇ ಯಾಕೆ? 18ಕ್ಕೆ ವೋಟು ಹಾಕಬಹುದು, ಮಿಲಿಟರಿಗೆ ಸೇರಬಹುದು, ಕಾರು ಓಡಿಸಬಹುದು. ತಪ್ಪು ಮಾಡುವವರು ಎಲ್ಲ ವಯಸ್ಸಿನಲ್ಲೂ ಇದ್ದಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45ರ ಒಳಗಿನವರು ಅಂತ ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. 45ರವರನ್ನು ಬಿಟ್ಟು ನಮ್ಮನ್ನು ಮಾತ್ರ ಹಿಡಿಯುವುದು ಯಾವ ನ್ಯಾಯ?

ನಮ್ಮ ಪಿಜಿ ಹತ್ತಿರ ರಾತ್ರಿ ಹನ್ನೊಂದಕ್ಕೆ ಬಾರಿನಿಂದ ಹೊರಬರುವ ಕಾರುಗಳಲ್ಲಿ ನಲವತ್ತರ ಮೇಲಿನವರೇ ಜಾಸ್ತಿ.

---

ಸಿಡ್ನಿಯ_ಅಮ್ಮ

@ಸೆಮಿಸ್ಟರ್_ಆರು, ನಿನ್ನ ಸಿಟ್ಟು ಅರ್ಥ ಆಗುತ್ತದೆ ಮಗು. ನನ್ನ ಮಗಳೂ ಇದೇ ಕೇಳಿದ್ದಳು. ಇಲ್ಲಿ ಹೇಗಿದೆ ಅಂತ ಹೇಳುತ್ತೇನೆ, ಆಮೇಲೆ ನೀನೇ ನೋಡು.

ನಾವಿರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಪೂರ್ತಿ ಲೈಸೆನ್ಸ್ ಇದ್ದವರಿಗೆ ಮಿತಿ ನಿಮ್ಮ ಲೆಕ್ಕದಲ್ಲಿ 50. ಭಾರತಕ್ಕಿಂತ ಸಡಿಲ. ಆದರೆ ಕಲಿಯುವವರಿಗೆ, ಹೊಸ ಲೈಸೆನ್ಸ್ ಬಂದು ಕಾರಿಗೆ ‘ಪಿ’ ಫಲಕ ಹಾಕಿಕೊಂಡವರಿಗೆ 2004ರ ಮೇ ತಿಂಗಳಿನಿಂದ ಸೊನ್ನೆ. ಮೊದಲು ಎಲ್ ಬೋರ್ಡ್. 25ರ ಒಳಗಿನವರು ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 120 ಗಂಟೆ ಓಡಿಸಬೇಕು, ಅದರಲ್ಲಿ 20 ಗಂಟೆ ರಾತ್ರಿ ಹೊತ್ತು. ಆಮೇಲೆ ಒಂದು ವರ್ಷ ಕೆಂಪು ಪಿ, ಎರಡು ವರ್ಷ ಹಸಿರು ಪಿ. ಅಲ್ಲಿಯವರೆಗೂ ಸೊನ್ನೆ ಅಂದರೆ ಸೊನ್ನೆ. 2019ರಿಂದ ಮೊದಲ ಸಲ ಸಿಕ್ಕರೂ ಅಲ್ಲೇ ಮೂರು ತಿಂಗಳು ಲೈಸೆನ್ಸ್ ಅಮಾನತು.

120 ಗಂಟೆಯ ಆ ಪುಸ್ತಕ ಇನ್ನೂ ನಮ್ಮ ಮನೆಯಲ್ಲಿದೆ. ಒಂದೊಂದು ಸಾಲಿಗೂ ನನ್ನ ಸಹಿ. ಮಳೆಯಲ್ಲಿ ಓಡಿಸಿದ್ದು, ರಾತ್ರಿ ಓಡಿಸಿದ್ದು, ಅಳುತ್ತಾ ಓಡಿಸಿದ್ದು, ಎಲ್ಲ ಇದೆ. ಅದನ್ನು ತುಂಬಿಸಿದ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಮೊದಲ ವರ್ಷ ಅವಳಿಗೆ ರಸ್ತೆ ನೋಡುವುದಕ್ಕೇ ಪೂರ್ತಿ ತಲೆ ಬೇಕಾಗಿತ್ತು. ಒಂದು ಗುಟುಕಿಗೆ ಬಿಟ್ಟುಕೊಡುವಷ್ಟು ಜಾಗ ಅಲ್ಲಿ ಇರಲಿಲ್ಲ.

---

ಸೆಮಿಸ್ಟರ್_ಆರು

ಆಂಟಿ, ನೀವು ಹೇಳಿದ್ದು ಹೊಸ ಚಾಲಕರ ವಿಷಯ. ವಯಸ್ಸಿನದ್ದಲ್ಲ. 40ಕ್ಕೆ ಲೈಸೆನ್ಸ್ ತಗೊಂಡವರಿಗೂ ಸೊನ್ನೆ ಅಂತಾದರೆ ನನಗೆ ತಕರಾರಿಲ್ಲ.

---

ಸಿಡ್ನಿಯ_ಅಮ್ಮ

ಹೌದು, ಇಲ್ಲಿ ಹಾಗೇ. ನಮ್ಮ ಯಜಮಾನರ ಗೆಳೆಯರೊಬ್ಬರು 38ಕ್ಕೆ ಪಿ ಫಲಕ ಹಾಕಿಕೊಂಡು ಓಡಾಡಿದರು. ಅವರಿಗೂ ಸೊನ್ನೆ.

---

ಮಂಡ್ಯ_ಟು_ಮ್ಯೂನಿಕ್

ಜರ್ಮನಿಯಲ್ಲಿ ಎರಡನ್ನೂ ಹಿಡಿದಿದ್ದಾರೆ. 2007ರ ಆಗಸ್ಟ್ 1ರಿಂದ ಲೈಸೆನ್ಸ್ ಬಂದ ಮೊದಲ ಎರಡು ವರ್ಷ ಎಲ್ಲರಿಗೂ ಸೊನ್ನೆ. ಅದು ಮುಗಿದರೂ 21 ತುಂಬುವ ತನಕ ಸೊನ್ನೆ. ಸಿಕ್ಕಿಬಿದ್ದರೆ 250 ಯೂರೋ ದಂಡ, ಲೈಸೆನ್ಸ್ ಮೇಲೆ ಒಂದು ತಪ್ಪಿನ ಅಂಕ. ಜೊತೆಗೆ ಎರಡು ವರ್ಷದ ಪರೀಕ್ಷಾ ಅವಧಿ ನಾಲ್ಕು ವರ್ಷ ಆಗುತ್ತದೆ, ತರಗತಿಗೂ ಹೋಗಬೇಕು.

ಮಜಾ ಏನು ಗೊತ್ತಾ? ಇಲ್ಲಿ 16ಕ್ಕೇ ಅಂಗಡಿಯಲ್ಲಿ ಬಿಯರ್ ಕೊಡುತ್ತಾರೆ. ನಾನಿರುವುದು ಬವೇರಿಯಾ, ಬಿಯರ್ ಇಲ್ಲದ ಹಬ್ಬವೇ ಇಲ್ಲ. ಅಂಥ ಜಾಗದಲ್ಲೇ ‘ಕುಡಿ, ಆದರೆ ಸ್ಟೀರಿಂಗ್ ಮುಟ್ಟಬೇಡ’ ಅನ್ನುವುದು ಹುಡುಗರ ಬಾಯಲ್ಲಿ ಸಲೀಸಾಗಿ ಬರುತ್ತದೆ. ನಮ್ಮಲ್ಲಿ ಉಲ್ಟಾ. ಕುಡಿಯುವುದನ್ನು ಕಾಗದದ ಮೇಲೆ ತಡೆದಿದ್ದೇವೆ, ಓಡಿಸುವುದನ್ನು ಬಿಟ್ಟಿದ್ದೇವೆ.

---

ಕೆಮಿಸ್ಟ್ರಿ_ಮೇಡಂ

ಒಂದು ಲೆಕ್ಕ ಹಾಕೋಣ. ಕಾಲೇಜಿನಲ್ಲಿ ಹುಡುಗರಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

330 ಮಿಲಿಯ ಒಂದು ಪಿಂಟ್, ಶೇಕಡಾ 5ರ ಬಿಯರ್. ಅದರಲ್ಲಿ ಮದ್ಯಸಾರ ಸುಮಾರು 13 ಗ್ರಾಂ. 60 ಕಿಲೋ ತೂಕದ ಹುಡುಗ ಖಾಲಿ ಹೊಟ್ಟೆಯಲ್ಲಿ ಅದನ್ನು ಬೇಗ ಕುಡಿದರೆ ರಕ್ತದಲ್ಲಿ 30ರ ಆಸುಪಾಸು ಬರುತ್ತದೆ. ಒಂದೇ ಪಿಂಟ್‌ಗೆ! ನಮ್ಮ ಕಡೆ ಜಾಸ್ತಿ ಓಡುವುದು ಸ್ಟ್ರಾಂಗ್. 650 ಮಿಲಿಯ ಬಾಟಲಿ, ಶೇಕಡಾ 8ರವರೆಗೆ. ಅದೊಂದು ಪೂರ್ತಿ ಇಳಿಸಿದರೆ ಅದೇ ಹುಡುಗ 100ರ ಹತ್ತಿರ ಹೋಗುತ್ತಾನೆ. ಹುಡುಗಿಯರಲ್ಲಿ ಅದೇ ತೂಕಕ್ಕೆ ಇನ್ನೂ ಜಾಸ್ತಿ. ದೇಹ ಕರಗಿಸುವುದು ಗಂಟೆಗೆ ಸುಮಾರು 15 ಮಾತ್ರ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ.

ಹಾಸನದ ಸರ್, ನಿಮ್ಮ ಮಗನನ್ನು ಒಂದು ಮಾತು ಕೇಳಿ. ಕುಡಿದು ಎಷ್ಟು ಹೊತ್ತಾಗಿತ್ತು? ಯಾಕೆಂದರೆ ಕುಡಿದ ಕೂಡಲೇ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ ಏರುತ್ತಲೇ ಇರುತ್ತದೆ. ಊಟದ ಜೊತೆ ಆದರೆ ಇನ್ನೂ ನಿಧಾನ. ಮೀಟರ್ 22 ಅಂತ ತೋರಿಸುತ್ತದೆ, ಅದು ಏರುತ್ತಿರುವ 22ಆ ಇಳಿಯುತ್ತಿರುವ 22ಆ ಅಂತ ಹೇಳುವುದಿಲ್ಲ.

---

ಹಾಸನದ_ಅಪ್ಪ

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಕೇಳುತ್ತೇನೆ.

---

ಹಳೇ_ಬುಲೆಟ್

ಸುಮ್ನೆ ಎಲ್ಲರೂ ಹೆದರಿಸಬೇಡಿ. ನಾನು 25 ವರ್ಷದಿಂದ ಓಡಿಸುತ್ತಿದ್ದೇನೆ. ಎರಡು ತೊಂಬತ್ತು ಹಾಕಿಕೊಂಡೂ ಓಡಿಸಿದ್ದೇನೆ, ಒಂದು ಗೀರೂ ಆಗಿಲ್ಲ. ತಾಕತ್ತು ಇರುವವನಿಗೆ ಏನೂ ಆಗಲ್ಲ. ತಾಕತ್ತು ಇಲ್ಲದವನು ಕುಡಿಯಬಾರದು.

---

ತುಮಕೂರು_ತೆಂಗು

ಅಣ್ಣ, ಈ ಮಾತನ್ನೇ ಹುಡುಗರು ಕೇಳಿ ಕಲಿಯುವುದು.

---

ಎಮರ್ಜೆನ್ಸಿ_ಸಿಸ್ಟರ್

@ಹಳೇ_ಬುಲೆಟ್ ಅಣ್ಣ, ನಾನು ಹಳೇ ಮೈಸೂರು ಕಡೆಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಭಾನುವಾರ, ಬುಧವಾರ, ಬೀಗರೂಟ ಇರುವ ದಿನ ನಮಗೆ ಮೊದಲೇ ಗೊತ್ತಿರುತ್ತದೆ. ಗಾಯಕ್ಕೆ ಹೊಲಿಗೆ ಹಾಕುವ ಸೂಚರ್ ಟ್ರೇ ಎರಡು ಜಾಸ್ತಿ ಇಟ್ಟುಕೊಂಡೇ ರಾತ್ರಿ ಡ್ಯೂಟಿ ಶುರು ಮಾಡುತ್ತೇವೆ.

ಹೋದ ವರ್ಷ ಒಬ್ಬ ಹುಡುಗ ಬಂದ. 19 ವರ್ಷ. ಹೊಸ ಬಿಳಿ ಪಂಚೆ, ಅಂಚಿಗೆ ಅಂಗಡಿಯ ಚೀಟಿ ಇನ್ನೂ ಹಾಗೇ ಅಂಟಿಕೊಂಡಿತ್ತು. ಮಾತಾಡುತ್ತಿದ್ದ. ‘ಒಂದೇ ಬಿಯರ್ ಸಿಸ್ಟರ್, ಒಂದೇ’ ಅಂತ ನಾಲ್ಕೈದು ಸಲ ಹೇಳಿದ. ಸುಳ್ಳಲ್ಲ ಅಂತ ನನಗೆ ಅನಿಸಿತು, ಅವನು ತೂರಾಡುವಷ್ಟು ಕುಡಿದಿರಲಿಲ್ಲ. ಹಂಪ್ ಕಾಣಿಸಲಿಲ್ಲವಂತೆ. ಬೋರ್ಡೂ ಇಲ್ಲದ ಹಂಪ್. ಹಳಬನಾಗಿದ್ದರೆ ಆ ಊರಿನ ಮುಂದೆ ಹಂಪ್ ಇರುತ್ತದೆ ಅಂತ ನೆನಪಿರುತ್ತಿತ್ತು. ಕುಡಿಯದೇ ಇದ್ದಿದ್ದರೆ ಅರ್ಧ ಸೆಕೆಂಡ್ ಮುಂಚೆ ಬ್ರೇಕ್ ಹಿಡಿಯುತ್ತಿದ್ದ. ಅವನಿಗೆ ಎರಡೂ ಇರಲಿಲ್ಲ. ಹೆಲ್ಮೆಟ್ ಹಿಂದೆ ಕೂತವನ ತೊಡೆಯ ಮೇಲಿತ್ತು.

ಅವನನ್ನು ಬೆಂಗಳೂರಿಗೆ ಕಳಿಸಿದೆವು. ಬದುಕಿದ್ದಾನೆ. ಹಿಂದೆ ಕೂತವನು ಉಳಿಯಲಿಲ್ಲ. ಅವನು ಕುಡಿದೇ ಇರಲಿಲ್ಲ.

---

ಹಳೇ_ಬುಲೆಟ್

ಸಿಸ್ಟರ್, ಏನು ಹೇಳಬೇಕು ಗೊತ್ತಾಗುತ್ತಿಲ್ಲ. ನಾನು ಬರೆದದ್ದು ಹಾಗೇ ಇರಲಿ, ಅಳಿಸುವುದಿಲ್ಲ. ನಿಮ್ಮ ಉತ್ತರವನ್ನೂ ಜನ ಓದಲಿ. ಹುಡುಗರಿಗೆ ಸೊನ್ನೆ ಮಾಡಿ, ನನ್ನ ವಿರೋಧ ಇಲ್ಲ.

---

ಚಿಕ್ಕಮಗಳೂರು_ಚಳಿ

ಸೊನ್ನೆ ಅನ್ನುವುದು ಬಾಯಿಮಾತಿಗೆ ಚೆನ್ನಾಗಿದೆ. ಆದರೆ ಯಂತ್ರದ ಮುಂದೆ ಸೊನ್ನೆ ಕಷ್ಟ. ಕೆಮ್ಮಿನ ಔಷಧಿ ಇದೆ. ನಮ್ಮಮ್ಮ ದಿನಾ ದ್ರಾಕ್ಷಾರಿಷ್ಟ ಕುಡಿಯುತ್ತಾರೆ, ಅದರಲ್ಲೂ ಮದ್ಯಸಾರ ಇದೆ. ಪಾಪದವರು ಸಿಕ್ಕಿಬೀಳುತ್ತಾರೆ.

---

ಕೆಮಿಸ್ಟ್ರಿ_ಮೇಡಂ

ಒಳ್ಳೆಯ ಪ್ರಶ್ನೆ. ಆಸವ, ಅರಿಷ್ಟಗಳಲ್ಲಿ ಹುದುಗಿ ಬಂದ ಮದ್ಯಸಾರ ಶೇಕಡಾ 5ರಿಂದ 12ರವರೆಗೆ ಇರಬಹುದು. ಆದರೆ ಕುಡಿಯುವುದು ಎರಡು ಚಮಚ, ಅದನ್ನೂ ನೀರು ಬೆರೆಸಿ. ರಕ್ತದಲ್ಲಿ ಲೆಕ್ಕಕ್ಕೆ ಬರುವಷ್ಟು ಏರುವುದಿಲ್ಲ. ಬಾಯಲ್ಲಿ ವಾಸನೆ ಉಳಿದು ಮೀಟರ್ ಕೂಗಬಹುದು, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿದರೆ ಹೋಗಿರುತ್ತದೆ.

---

ಡಲ್ಲಾಸ್_ಕನ್ನಡಿಗ

ಇದಕ್ಕೇ ಅಮೆರಿಕದ ಕೇಂದ್ರ ಕಾನೂನು ಸೊನ್ನೆಯ ಬದಲು ರಕ್ತದಲ್ಲಿ 20 ಅನ್ನು ಗಡಿ ಮಾಡಿತು. 1984ರಲ್ಲಿ ಕುಡಿಯುವ ವಯಸ್ಸು ಎಲ್ಲ ರಾಜ್ಯಗಳಲ್ಲೂ 21 ಆಗುವ ಹಾಗೆ ಹೆದ್ದಾರಿ ಹಣದ ಜೊತೆ ಗಂಟು ಹಾಕಿದರು. 1995ರಲ್ಲಿ ಇನ್ನೊಂದು ಕಾನೂನು ತಂದು, 21ರ ಒಳಗಿನ ಚಾಲಕರಿಗೆ 20 ಅಥವಾ ಅದಕ್ಕಿಂತ ಕಮ್ಮಿ ಮಿತಿ ಇಡದ ರಾಜ್ಯಕ್ಕೆ ಹಣ ಕಡಿತ ಅಂದರು. 1998ರ ಹೊತ್ತಿಗೆ ಎಲ್ಲ ರಾಜ್ಯಗಳೂ ಮಾಡಿದವು. ನಾನಿರುವ ಟೆಕ್ಸಸ್ ಇನ್ನೂ ಬಿಗಿ. 21ರ ಒಳಗಿನವರಲ್ಲಿ ಸ್ವಲ್ಪ ಕಂಡರೂ ಕೇಸ್.

ಊರಿನಿಂದ ಓದಲು ಬರುವ ಹುಡುಗರಿಗೆ ಒಂದು ಮಾತು. ಇಲ್ಲಿ ಕುಡಿದು ಓಡಿಸಿ ಅರೆಸ್ಟ್ ಆದರೆ ಕೋರ್ಟ್ ತೀರ್ಪಿಗೂ ಮುಂಚೆ ವೀಸಾ ರದ್ದಾಗಬಹುದು. ಅಪ್ಪ ಅಮ್ಮ ಸಾಲ ಮಾಡಿ ಕಳಿಸಿರುತ್ತಾರೆ. ಆ ವಾರಾಂತ್ಯದ ಕ್ಯಾಬಿನ ದುಡ್ಡು ಉಳಿಸಬೇಡಿ.

---

ಡಿಪೋ_ನಂ_ಒಂದು

ನಾನು ಸರ್ಕಾರಿ ಬಸ್ ಚಾಲಕ. ನಮ್ಮ ಡಿಪೋದಲ್ಲಿ ಡ್ಯೂಟಿಗೆ ಹತ್ತುವ ಮುಂಚೆ ಊದಬೇಕು. ಬೆಳಿಗ್ಗೆ ಐದೂವರೆಗೆ ಗಾಡಿ ತೆಗೆಯಬೇಕಾದರೆ ಹಿಂದಿನ ರಾತ್ರಿ ಎಂಟರ ಮೇಲೆ ಮುಟ್ಟುವ ಹಾಗಿಲ್ಲ ಅಂತ ನಾವೇ ಲೆಕ್ಕ ಹಾಕಿಕೊಂಡಿದ್ದೇವೆ. ಎಷ್ಟೋ ಜನ ಈ ಕಿರಿಕಿರಿಯೇ ಬೇಡ ಅಂತ ಬಿಟ್ಟೇ ಬಿಟ್ಟರು. ವಿಮಾನ ಓಡಿಸುವವರಿಗೂ ಹಾಗೇ, ಹಾರುವ ಮುಂಚೆ ಊದಿಸುತ್ತಾರೆ, ಸೊನ್ನೆ ಬರಬೇಕು. ಮೂವತ್ತು ವರ್ಷ ಅನುಭವ ಇರುವ ನಮಗೇ ಇಷ್ಟು ಬಿಗಿ ಇರುವಾಗ ಏಳು ತಿಂಗಳ ಹುಡುಗನಿಗೆ ಯಾಕೆ ಬೇಡ?

---

ಕೋಲಾರ_ಕೆರೆ

ಎಲ್ಲ ಸರಿ. ಹಳ್ಳಿಯಲ್ಲಿ ರಾತ್ರಿ ಎಂಟಕ್ಕೆ ಕಡೇ ಬಸ್. ಆಮೇಲೆ ಆಟೋ ಇಲ್ಲ, ಕ್ಯಾಬ್ ಇಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್ 31ಕ್ಕೆ ಮೆಟ್ರೋ ನಡುರಾತ್ರಿ ದಾಟಿದರೂ ಓಡಿಸುತ್ತಾರೆ. ನಮ್ಮೂರ ಜಾತ್ರೆಗೆ ಯಾರು ಓಡಿಸುತ್ತಾರೆ? ಸೊನ್ನೆ ಮಾಡುವ ಸರ್ಕಾರ ಜಾತ್ರೆ ದಿನ ರಾತ್ರಿ ಹನ್ನೆರಡಕ್ಕೆ ಎರಡು ಬಸ್ ಬಿಡಲಿ. ಆಗ ದಂಡ ಹಾಕಿದರೂ ಜನ ಒಪ್ಪುತ್ತಾರೆ.

ಇನ್ನೊಂದು ವಿಷಯ. ಲೈಸೆನ್ಸ್ ಬಂದ ಮೇಲೆ ಎರಡು ವರ್ಷ ಅಂತ ಲೆಕ್ಕ ಹಾಕುತ್ತೀರಿ. ನಮ್ಮ ಕಡೆ 14ಕ್ಕೇ ಸ್ಕೂಟರ್ ಕೊಡುತ್ತಾರೆ, ಲೈಸೆನ್ಸ್ 22ಕ್ಕೆ ಮಾಡಿಸುತ್ತಾರೆ. ಲೈಸೆನ್ಸೇ ಇಲ್ಲದವನಿಗೆ ಯಾವ ಎರಡು ವರ್ಷ?

---

ಕರಿಕೋಟು_ಮೈಸೂರು

ಅದಕ್ಕೇ ಜರ್ಮನಿಯ ಹಾಗೆ ಎರಡೂ ಕಟ್ಟು ಬೇಕು ಅನ್ನುವುದು. 21ರ ತನಕ, ಮತ್ತು ಲೈಸೆನ್ಸ್ ಬಂದ ಎರಡು ವರ್ಷದ ತನಕ. ಯಾವುದು ಕೊನೆಗೆ ಮುಗಿಯುತ್ತದೋ ಅದು.

14ರ ಹುಡುಗನಿಗೆ ಸ್ಕೂಟರ್ ಕೊಡುವ ಅಪ್ಪಂದಿರು 199ಎ ಕಲಂ ಓದಬೇಕು. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 25,000 ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ಆಗುವ ತನಕ ಲೈಸೆನ್ಸ್ ಇಲ್ಲ. ವಿಮೆಯದ್ದೂ ತಿಳಿದಿರಲಿ. ಕುಡಿದು ಓಡಿಸಿದ್ದು ಸಾಬೀತಾದರೆ ನಿಮ್ಮ ಗಾಡಿಯ ರಿಪೇರಿಗೆ ಕಂಪನಿ ದುಡ್ಡು ಕೊಡುವುದಿಲ್ಲ. ಎದುರಿನವರಿಗೆ ಕೊಟ್ಟ ಪರಿಹಾರವನ್ನೂ ಮಾಲೀಕರಿಂದ ವಸೂಲಿ ಮಾಡುವ ಆದೇಶ ಬರಬಹುದು. ಎಕರೆ ಮಾರಿದವರನ್ನು ನೋಡಿದ್ದೇನೆ.

---

ಶಿವಾಜಿನಗರ_ಬಸ್ಟಾಂಡ್

ಕಾನೂನು ಇದ್ದು ಏನು ಬಂತು? 2024ರ ಮೇ 19ರ ಪುಣೆ ಪ್ರಕರಣ ಮರೆತಿರಾ? ಕಲ್ಯಾಣಿ ನಗರದಲ್ಲಿ 17ರ ಹುಡುಗ ಓಡಿಸುತ್ತಿದ್ದ ಅಂತ ಹೇಳುವ ಪೋರ್ಷೆ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಮೊದಲು ಜಾಮೀನು ಕೊಟ್ಟಾಗ 300 ಪದದ ಪ್ರಬಂಧ ಬರೆ ಅಂದರು. ಆಮೇಲೆ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪ ಬಂತು. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ಬೇರೆ ಮದ್ಯಕ್ಕೆ 25 ಇದೆ. ರಕ್ತದ ಬಾಟಲಿಯೇ ಬದಲಾಗುವುದಾದರೆ ಮಿತಿ ಸೊನ್ನೆ ಇದ್ದರೇನು, ಮೂವತ್ತು ಇದ್ದರೇನು?

---

ಸಿಡ್ನಿಯ_ಅಮ್ಮ

ನಿಮ್ಮ ಸಿಟ್ಟು ನ್ಯಾಯವೇ. ಆದರೆ ಅದು ಒಂದು ದೊಡ್ಡ ಕೇಸು. ದಿನಾ ಸಾಯುವವರು ಪೋರ್ಷೆಯಲ್ಲಿ ಹೋಗುವವರಲ್ಲ. ಇಲ್ಲಿ 1982ರ ಡಿಸೆಂಬರ್‌ನಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಊದಿಸುವುದು ಶುರುವಾಯಿತು. ಬೆಳಿಗ್ಗೆ ಶಾಲೆಗೆ ಮಕ್ಕಳನ್ನು ಬಿಡಲು ಹೋಗುವಾಗಲೂ ನನ್ನನ್ನು ಊದಿಸಿದ್ದಾರೆ. ಯಾವಾಗ ಬೇಕಾದರೂ ನಿಲ್ಲಿಸಬಹುದು ಅಂತ ಎಲ್ಲರಿಗೂ ಗೊತ್ತಿದೆ. ಊರಲ್ಲಿ ಶನಿವಾರ ರಾತ್ರಿ, ಅದೇ ಸರ್ಕಲ್ಲು, ಅದೇ ಬ್ಯಾರಿಕೇಡ್. ಹುಡುಗರು ಗ್ರೂಪಿನಲ್ಲಿ ‘ಅಲ್ಲಿ ಚೆಕಿಂಗ್ ಇದೆ, ಒಳದಾರಿಯಲ್ಲಿ ಬಾ’ ಅಂತ ಹಾಕಿಬಿಡುತ್ತಾರೆ.

---

ಸೆಮಿಸ್ಟರ್_ಆರು

ಅದು ನಿಜ. ನಮ್ಮ ಕ್ಲಾಸಿನ ಗ್ರೂಪಿನಲ್ಲೂ ಬರುತ್ತದೆ. ಇನ್ನು ಮೇಲೆ ಹಾಕಬೇಡಿ ಅಂತ ಹೇಳುತ್ತೇನೆ.

ನನ್ನ ಮಾತನ್ನು ಸ್ವಲ್ಪ ಬದಲಾಯಿಸುತ್ತೇನೆ. ಹೊಸ ಲೈಸೆನ್ಸಿನವರೆಲ್ಲರಿಗೂ ಸೊನ್ನೆ ಅಂದರೆ ಒಪ್ಪುತ್ತೇನೆ. ಒಂದು ಕಾರಣ ಇದೆ. ಗೆಳೆಯರು ‘ಒಂದು ಹಾಕು, ಒಂದಕ್ಕೆ ಏನೂ ಆಗಲ್ಲ’ ಅಂದಾಗ ಬೇಡ ಅನ್ನುವುದು ತುಂಬಾ ಕಷ್ಟ. ‘ನನಗೆ ಸೊನ್ನೆ ಕಣ್ರೋ, ಡಿಎಲ್ ಹೋಗುತ್ತೆ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈಗ ಆ ನೆಪವೂ ನಮಗಿಲ್ಲ.

---

ಎಮರ್ಜೆನ್ಸಿ_ಸಿಸ್ಟರ್

ಈ ಥ್ರೆಡ್ಡಿನಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಇದು ತಮ್ಮ.

---

ಹಾಸನದ_ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗನ ಜೊತೆ ಕೂತು ಇದನ್ನೆಲ್ಲ ಓದಿದೆ. ಸಿಸ್ಟರ್ ಬರೆದದ್ದನ್ನು ಅವನು ಎರಡು ಸಲ ಓದಿದ.

ಮೇಡಂ ಕೇಳಿದ್ದನ್ನೂ ಕೇಳಿದೆ. ಹೊರಡುವ ಮುಂಚೆ ಕುಡಿದದ್ದಂತೆ. ಪೊಲೀಸರು ಹಿಡಿದಾಗ ಇಪ್ಪತ್ತು, ಇಪ್ಪತ್ತೈದು ನಿಮಿಷ ಆಗಿತ್ತು. ಅಂದರೆ ಆ 22 ಏರುತ್ತಿತ್ತು. ಉದಯಪುರ, ಶಾಂತಿಗ್ರಾಮ ದಾಟುವಾಗ ಅದು ಎಷ್ಟಾಗಿತ್ತು ಅಂತ ನಮಗಿಬ್ಬರಿಗೂ ಗೊತ್ತಿಲ್ಲ. ಅವನು ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ, ‘ಹಿಂದೆ ಒಬ್ಬನನ್ನು ಕೂರಿಸಿಕೊಂಡಿದ್ದೆ ಅಪ್ಪ, ಹೇಳಿರಲಿಲ್ಲ’ ಅಂದ.

ಮುಂದಿನ ತಿಂಗಳು ಅರಸೀಕೆರೆಯಲ್ಲಿ ಇನ್ನೊಂದು ಬೀಗರೂಟ ಇದೆ. ಹುಡುಗರಿಗೆಲ್ಲ ಸೇರಿಸಿ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾತಾಡಿದ್ದೇನೆ, ಹೋಗಿ ಬರಲು. ದುಡ್ಡನ್ನು ನಾವು ನಾಲ್ಕು ಮನೆಯವರು ಹಂಚಿಕೊಳ್ಳುತ್ತೇವೆ. ಬೈಕಿನ ಕೀ ಅವನೇ ತಂದು ದೇವರ ಕೋಣೆಯ ಮೊಳೆಗೆ ಹಾಕಿದ್ದಾನೆ.

---

ಕೋಲಾರ_ಕೆರೆ

ಟಿಟಿಗೆ ಎಷ್ಟು ಹೇಳಿದರು ಸರ್? ನಮ್ಮೂರ ಜಾತ್ರೆಗೂ ಕೇಳಿ ನೋಡುತ್ತೇನೆ.